ಟ್ರೇಲರ್‌ನ ಪ್ರೊಪೇನ್ ಫ್ರಿಜ್: ಐದು ವರ್ಷ ಬಳಸಿದ ಮೇಲೆ

ನಮ್ಮ ಟ್ರಾವೆಲ್ ಟ್ರೇಲರ್‌ನ (ವಾಹನದ ಹಿಂದೆ ಎಳೆದೊಯ್ಯುವ ವಾಸದ ಗಾಡಿಯ) ಫ್ರಿಜ್ ಪ್ರೊಪೇನ್ ಗ್ಯಾಸಿನಿಂದಲೂ ವಿದ್ಯುತ್ತಿನಿಂದಲೂ ನಡೆಯುತ್ತದೆ. ಅದು ಮೂರನೆಯ ವರ್ಷದಲ್ಲಿ ತಣ್ಣಗಾಗುವುದನ್ನು ನಿಲ್ಲಿಸಿದಾಗ, ಹಿಂಬದಿಯ ಕೊಳವೆಗಳ ಘಟಕವೇ ಹಾಳಾಗಿದೆ, ಪೂರ್ತಿ ಬದಲಿಸಬೇಕು ಎಂದು ರಿಪೇರಿಯವರು ಹೇಳಿಬಿಟ್ಟರು. ಅವರು ಹೇಳಿದ ಖರ್ಚು ಹೊಸ ಫ್ರಿಜ್‌ನ ಬೆಲೆಗೆ ಹತ್ತಿರವಿತ್ತು, ಅಷ್ಟು ಹಣ ನಮ್ಮಲ್ಲಿರಲಿಲ್ಲ. ಹಾಗಾಗಿ ನಾನೇ ಪರೀಕ್ಷಿಸಿ ನೋಡಬೇಕಾಯಿತು. ಅದೇ ಘಟಕ ಇಂದಿಗೂ ಕೆಲಸ ಮಾಡುತ್ತಿದೆ. ಕೆಟ್ಟಿದ್ದು ಅದಲ್ಲವೇ ಅಲ್ಲ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅದು.

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ವಿಧಾನವೇ ಇದರಲ್ಲಿಯೂ ಇದೆ: ಜ್ವಾಲೆಯ ಶಾಖಕ್ಕೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ ದ್ರವವಾಗುತ್ತದೆ, ಹೈಡ್ರೋಜನ್ ಇರುವ ಕೊಳವೆಯಲ್ಲಿ ಆವಿಯಾಗುತ್ತ ಫ್ರಿಜ್‌ನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಮತ್ತೆ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ತಿರುಗುವ ಭಾಗ ಒಂದೂ ಇಲ್ಲದ ಕಾರಣ ಸದ್ದೂ ಇಲ್ಲ. ಶಾಖ ಗ್ಯಾಸಿನಿಂದ ಬಂದರೂ ಸರಿ, ವಿದ್ಯುತ್ತಿನಿಂದ ಬಂದರೂ ಸರಿ, ಅದು ಕಾಯಿಸುವುದು ಒಂದೇ ಘಟಕವನ್ನು. ದೋಷ ಹುಡುಕಲು ನನಗೆ ಇಷ್ಟು ತಿಳುವಳಿಕೆ ಸಾಕಾಯಿತು.

ಗ್ಯಾಸಿನಲ್ಲಿ ರಾತ್ರಿಯಿಡೀ ಉರಿದರೂ ಒಳಗಿನ ಥರ್ಮಾಮೀಟರ್ 13 ಡಿಗ್ರಿಗಿಂತ ಕೆಳಗಿಳಿಯುತ್ತಿರಲಿಲ್ಲ. ಫ್ರಿಜ್ಜನ್ನು ವಿದ್ಯುತ್ತಿಗೆ ಬದಲಿಸಿ ಮರುದಿನ ಬೆಳಿಗ್ಗೆ ನೋಡಿದರೆ 4 ಡಿಗ್ರಿ ಇತ್ತು. ಘಟಕ ಹಾಳಾಗಿದ್ದರೆ ಎರಡರಲ್ಲಿಯೂ ಸೋಲಬೇಕಿತ್ತು. ಹಿಂಬದಿಯಲ್ಲಿ ಅಮೋನಿಯಾದ ವಾಸನೆಯಾಗಲಿ, ಕೊಳವೆ ಸೋರಿದಾಗ ಕಾಣಿಸಿಕೊಳ್ಳುವ ಹಳದಿ ಪುಡಿಯಾಗಲಿ ಇರಲಿಲ್ಲ. ಅವು ಕಂಡಿದ್ದರೆ ಫ್ರಿಜ್ಜನ್ನು ಕೂಡಲೇ ಆರಿಸಿ, ಬಳಸುವುದನ್ನೇ ಬಿಡಬೇಕಾಗುತ್ತಿತ್ತು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ದೊಡ್ಡ ಖರ್ಚಿನ ಮಾತಾಡಿದರಲ್ಲ ಎಂಬ ಬೇಸರ ನನಗೆ ಇನ್ನೂ ಹೋಗಿಲ್ಲ.

ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲವೂ ತಣ್ಣಗಾದ ಮೇಲೆ ಹೊರಗಿನ ಕೆಳ ಜಾಲರಿಯನ್ನು ತೆಗೆದೆ. ಬರ್ನರ್‌ನ ಸಣ್ಣ ಸೀಳುಗಳ ಮೇಲೆ, ಹೊಗೆ ಕೊಳವೆಯಿಂದ ಉದುರಿದ ತುಕ್ಕಿನ ಚಕ್ಕೆಗಳು ಕಂದು ಹೊಟ್ಟಿನ ಹಾಗೆ ಕೂತಿದ್ದವು. ಗಾಳಿ ಬರುವ ರಂಧ್ರದಲ್ಲಿ ಜೇಡ ಬಲೆ ಕಟ್ಟಿತ್ತು. ಗಾಳಿ ಸಾಲದೆ ಜ್ವಾಲೆ ಹಳದಿಯಾಗಿ ಸೋಮಾರಿಯಂತೆ ಓಲಾಡುತ್ತಿದ್ದುದಕ್ಕೆ ಕಾರಣ ಇಷ್ಟೇ. ಬರ್ನರ್‌ಗೆ ಬಟ್ಟೆ ಮುಚ್ಚಿ, ಹೊಗೆ ಕೊಳವೆಯೊಳಗೆ ತೂಗುಬಿಟ್ಟಿರುವ ತಿರುಚಿದ ಲೋಹದ ಪಟ್ಟಿಯನ್ನು ಮೇಲಿನಿಂದ ಎತ್ತಿ ತೆಗೆದು, ಉದ್ದ ಬ್ರಷ್ಷಿನಿಂದ ಕೊಳವೆಯನ್ನು ಉಜ್ಜಿದೆ. ಬಟ್ಟೆಯ ಮೇಲೆ ಬಿದ್ದ ಮಸಿ ಮತ್ತು ತುಕ್ಕು ಒಂದು ಹಿಡಿಯಷ್ಟಿತ್ತು. ಗ್ಯಾಸ್ ಹೊರಬರುವ ಜೆಟ್ಟನ್ನು ಬಿಚ್ಚಿ ಸ್ಪಿರಿಟ್‌ನಲ್ಲಿ ನೆನೆಸಿಟ್ಟು, ಊದಿ ಒಣಗಿಸಿದೆ. ಅದರ ರಂಧ್ರಕ್ಕೆ ಸೂಜಿ ಅಥವಾ ತಂತಿ ಹಾಕಲೇಬಾರದು. ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚಾಗಿ ಮತ್ತೆ ಮಸಿ ಕಟ್ಟುತ್ತದೆ. ಮರಳಿ ಜೋಡಿಸಿದ ನಂತರ ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡೇ ಬೆಂಕಿ ಹೊತ್ತಿಸಿದೆ. ಜ್ವಾಲೆ ನೀಲಿಯಾಗಿ, ನೆಟ್ಟಗೆ, ಸಣ್ಣ ಮೊರೆತದೊಂದಿಗೆ ನಿಂತಿತು. ಮರುದಿನ ಬೆಳಿಗ್ಗೆ ಗ್ಯಾಸಿನಲ್ಲಿಯೂ 4 ಡಿಗ್ರಿ.

ಅಂದಿನಿಂದ ಈ ಯಂತ್ರದ ಮೇಲೆ ನನಗಿದ್ದ ಸಿಟ್ಟು ಕರಗಿದೆ. ಟ್ರೇಲರ್ ನಿಲ್ಲಿಸಿದ ಕೂಡಲೇ ಫ್ರೀಜರ್‌ನ ತಳದಲ್ಲಿ ರಸಮಟ್ಟವನ್ನಿಟ್ಟು ನೋಡುತ್ತೇನೆ. ಗುಳ್ಳೆ ನಡುವೆ ಬರುವವರೆಗೂ ಚಕ್ರದ ಕೆಳಗೆ ಹಲಗೆ ಕೊಡುತ್ತೇನೆ. ಒಳಗಿನ ದ್ರವ ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ, ಓರೆಯಾಗಿ ನಿಂತ ಫ್ರಿಜ್ ಉರಿಯುತ್ತಿದ್ದರೆ ದ್ರವ ಒಂದೆಡೆ ನಿಂತು, ಕಾಯುವ ಭಾಗ ಅತಿಯಾಗಿ ಬಿಸಿಯಾಗಿ, ಸರಿಪಡಿಸಲಾಗದ ಹಾನಿಯಾಗುತ್ತದೆ. ಆಮೇಲೆ ಗುಂಡಿಯನ್ನು ಒತ್ತಿ ಹಿಡಿದು, ಕಿಡಿ ಹೊತ್ತಿಸಿ, ಕೆಳಗಿನ ಪುಟ್ಟ ಗಾಜಿನಲ್ಲಿ ನೀಲಿ ಚುಕ್ಕೆ ಕಾಣುವವರೆಗೆ ಮಂಡಿಯೂರಿ ಕಾಯುತ್ತೇನೆ. ಕಂಡ ಮೇಲೂ ಅರ್ಧ ನಿಮಿಷ ಕೈ ತೆಗೆಯುವುದಿಲ್ಲ, ಏಕೆಂದರೆ ಜ್ವಾಲೆಯ ಬಿಸಿಯಿಂದ ಗ್ಯಾಸಿನ ವಾಲ್ವನ್ನು ತೆರೆದಿಡುವ ಥರ್ಮೋಕಪಲ್ ಎಂಬ ಭಾಗದ ತುದಿ ಸಾಕಷ್ಟು ಕಾಯದಿದ್ದರೆ ವಾಲ್ವ್ ಮುಚ್ಚಿ ಜ್ವಾಲೆ ಆರಿಹೋಗುತ್ತದೆ. ದಿನದ ದಣಿವಿನ ಕೊನೆಗೆ ಆ ಚುಕ್ಕೆಯನ್ನು ನೋಡುವುದು ನನಗೆ ದೀಪ ಹಚ್ಚಿದಷ್ಟೇ ನೆಮ್ಮದಿ ಕೊಡುತ್ತದೆ.

ಕುಂದುಗಳಿಲ್ಲವೆಂದಲ್ಲ. ತಣ್ಣಗಾಗಲು ಬಹಳ ಹೊತ್ತು ಬೇಕು. ಹೊರಡುವ ಹಿಂದಿನ ರಾತ್ರಿಯೇ ಹಚ್ಚಿ, ಮೊದಲೇ ತಣ್ಣಗಾದ ಪದಾರ್ಥಗಳನ್ನು ಗಾಳಿಯಾಡುವಂತೆ ಬಿಡಿಬಿಡಿಯಾಗಿ ಜೋಡಿಸಬೇಕು. ಸುಡುಬಿಸಿಲಿನ ದಿನಗಳಲ್ಲಿ ಇದು ಏದುಸಿರು ಬಿಡುತ್ತದೆ. ಜಾಲರಿಯಿರುವ ಬದಿಯನ್ನು ನೆರಳಿಗೆ ಬರುವಂತೆ ನಿಲ್ಲಿಸುತ್ತೇನೆ. ಹಿಂಬದಿಯ ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳಲು 12 ವೋಲ್ಟಿನ ಪುಟ್ಟ ಫ್ಯಾನ್ ಹಾಕಿದ ಮೇಲೆ ಗಮನಾರ್ಹ ವ್ಯತ್ಯಾಸ ಕಂಡಿದೆ. ಪೆಟ್ರೋಲ್ ಬಂಕ್ ಹೊಕ್ಕುವ ಮೊದಲು ಜ್ವಾಲೆ ಆರಿಸಲೇಬೇಕು, ಟ್ರೇಲರಿನೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಪ್ರತಿ ಸಂಜೆ ಹೊಸ ಜಾಗಕ್ಕೆ ಹೋಗಿ, ಎಲ್ಲೆಂದರಲ್ಲಿ ನಿಲ್ಲಿಸಿ ಮಲಗುವವರಿಗೆ ಕಂಪ್ರೆಸರ್ ಫ್ರಿಜ್ಜೇ ಮೇಲು. ನಮ್ಮಂತೆ ವಿದ್ಯುತ್ತಿಲ್ಲದ ಕಡೆ ವಾರಗಟ್ಟಲೆ ಒಂದೇ ಕಡೆ ತಂಗುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಈಗ ಬಾಗಿಲಿನ ರಬ್ಬರ್ ಪಟ್ಟಿ ಮಾತ್ರ ಸಡಿಲವಾಗುತ್ತಿದೆ. ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದರೆ, ಕೆಳಗಿನ ಮೂಲೆಯಲ್ಲಿ ತಡೆಯಿಲ್ಲದೆ ಜಾರಿ ಬರುತ್ತದೆ, ಫ್ರೀಜರ್‌ನಲ್ಲಿ ಹಿಮವೂ ಬೇಗ ಕಟ್ಟುತ್ತಿದೆ. ಹೊಸ ಪಟ್ಟಿ ತಂದಿಟ್ಟಿದ್ದೇನೆ. ಮುಂದಿನ ಪ್ರಯಾಣಕ್ಕೆ ಮುಂಚೆ ಅದನ್ನು ಹಾಕಿ, ವರ್ಷಕ್ಕೊಮ್ಮೆ ಮಾಡುವ ಬರ್ನರ್‌ನ ಶುಚಿಯನ್ನೂ ಅಂದೇ ಮುಗಿಸುವವನಿದ್ದೇನೆ.