ಕಾರ್ ಎಸಿ ಕಂಪ್ರೆಸರ್: ಗುಜರಿಯದೋ, ರೀಕಂಡಿಷನ್ನೋ, ಹೊಸದೋ?

ಮೊದಲು ಎಸಿ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರೇ ಹೋಗಿದೆಯಾ ನೋಡಿ. ಎಸಿ ಹಾಕಿದಾಗ ‘ಟಕ್’ ಅಂತ ಕಂಪ್ರೆಸರಿನ ಕ್ಲಚ್ (ಅದನ್ನು ಬೆಲ್ಟಿನ ಪುಲ್ಲಿಗೆ ಜೋಡಿಸುವ ಭಾಗ) ಹಿಡಿಯದಿದ್ದರೆ ಫ್ಯೂಸ್, ರಿಲೇ ಅಥವಾ ಗ್ಯಾಸ್ ಕಮ್ಮಿಯಾಗಿದ್ದೂ ಕಾರಣವಿರಬಹುದು. ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿ ಜಾಲರಿ) ಮೇಲೆ ಎಣ್ಣೆ ಜಿಡ್ಡಿದ್ದರೆ ಸೋರಿಕೆಯ ಅನುಮಾನ ಅಲ್ಲೇ.

ದುಡ್ಡಿನ ಲೆಕ್ಕಕ್ಕೆ ಬೆಂಗಳೂರಿನ ಶಿವಾಜಿನಗರದ ಗುಜರಿ ಮಾಲೇ ಅಗ್ಗ; ಗ್ಯಾರಂಟಿ ಮಾತ್ರ ಅಂಗಡಿ ಬಾಗಿಲವರೆಗೆ. ಕೊಳ್ಳುವ ಮುನ್ನ ಶಾಫ್ಟ್ ಕೈಯಲ್ಲಿ ತಿರುಗಿಸಿ, ಒಳಗಿನ ಎಣ್ಣೆ ಬೆರಳಿಗೆ ಹಚ್ಚಿಕೊಳ್ಳಿ. ಕಪ್ಪಗಿದ್ದರೆ, ಬೆಳ್ಳಿಪುಡಿಯಂತೆ ಮಿಂಚಿದರೆ ಅಲ್ಲೇ ಇಟ್ಟು ಬನ್ನಿ. ರೀಕಂಡಿಷನ್, ಅಂದರೆ ಹಳೆಯದನ್ನೇ ಬಿಚ್ಚಿ ರಿಪೇರಿ ಮಾಡಿದ್ದು; ಅದರ ಬಾಳಿಕೆ ಮಾಡಿದವನ ಕೈಗುಣ. ಹೊಸದು ದುಬಾರಿ, ತಲೆನೋವು ಕಮ್ಮಿ.

ವಾರಕ್ಕೊಮ್ಮೆ ಹೊರಡುವ 15 ವರ್ಷದ ಕಾರಿಗೆ ಗುಜರಿಯದು ಸಾಕು. ನಂಬುವ ಮೆಕ್ಯಾನಿಕ್ ಇದ್ದರೆ ರೀಕಂಡಿಷನ್. ಬಳ್ಳಾರಿ ಬಿಸಿಲಲ್ಲಿ ದಿನಾ ಓಡಿಸುವವರಿಗೆ ಹೊಸದೇ ಸರಿ. ಯಾವುದು ಹಾಕಿಸಿದರೂ ರಿಸೀವರ್ ಡ್ರೈಯರ್ (ಗ್ಯಾಸಿನಲ್ಲಿನ ತೇವ ಹೀರುವ ಡಬ್ಬಿ) ಹಳೆಯದು ಬೇಡ. ಬಾಯಿ ತೆರೆದಿಟ್ಟ ಡ್ರೈಯರ್ ಗಾಳಿಯ ತೇವ ಹೀರಿಕೊಂಡು ಕೂತಿರುತ್ತದೆ.