ಗಿಟ್ ಪಾರ್ಶಿಯಲ್ ಕ್ಲೋನ್: ಮಂಡ್ಯ-ಮೈಸೂರು ರೈಲಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4. ಗಿಟ್ ಅಂದರೆ ಕೋಡಿನ ಬದಲಾವಣೆಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಸಾಧನ. ಕ್ಲೋನ್ ಅಂದರೆ ಆ ಕೋಡನ್ನು ಹಿಸ್ಟರಿ ಸಮೇತ ಸರ್ವರ್‌ನಿಂದ ಇಳಿಸಿಕೊಳ್ಳೋದು, ಪಾರ್ಶಿಯಲ್ ಅಂದರೆ ಹಳೇ ಫೈಲುಗಳನ್ನು ಬೇಕಾದಾಗ ಮಾತ್ರ ತರಿಸಿಕೊಳ್ಳೋದು. ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದರೆ ಈಗೀಗ 'ಗಿಟ್ ಬ್ಲೇಮ್' (ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಕಮಾಂಡ್) ಕೊಡುವ ಮುಂಚೆ ಮೊಬೈಲ್‌ನಲ್ಲಿ ಟವರ್ ಇದೆಯಾ ಅಂತ ನೋಡುತ್ತೇನೆ.

ಮನೆ ಮಂಡ್ಯ, ಆಫೀಸು ಮೈಸೂರು. ನಮ್ಮ ರೆಪೊ, ಅಂದರೆ ಕೋಡಿನ ಭಂಡಾರ, ಹಳೇದು. ಯಾರೋ ಪುಣ್ಯಾತ್ಮರು ಅದರೊಳಗೆ ವಿಡಿಯೊ, ಝಿಪ್ ಫೈಲು ಎಲ್ಲ ತುರುಕಿದ್ದರು, ಆಮೇಲೆ ಅಳಿಸಿದರೂ ಹಿಸ್ಟರಿಯಲ್ಲಿ ಹಾಗೇ ಕೂತಿವೆ. ಮನೆಯ ಹಾಟ್‌ಸ್ಪಾಟ್‌ನಲ್ಲಿ ಪೂರ್ತಿ ಕ್ಲೋನ್‌ಗೆ ಒಂದು ರಾತ್ರಿ ಬೇಕು, ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಕ್ಲೋನ್ ಕಮಾಂಡಿನ ಫಿಲ್ಟರ್ ಆಯ್ಕೆಗೆ 'ಬ್ಲಾಬ್:ನನ್' ಕೊಟ್ಟಾಗ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಕಮಿಟ್ (ಬದಲಾವಣೆಯ ದಾಖಲೆ), ಟ್ರೀ (ಫೋಲ್ಡರಿನ ಪಟ್ಟಿ) ಎಲ್ಲ ಬರುತ್ತವೆ. ಬ್ಲಾಬ್, ಅಂದರೆ ಫೈಲಿನ ಒಳಗಿರುವುದು, ಈಗಿನ ಚೆಕ್‌ಔಟ್‌ಗೆ (ಕೆಲಸಕ್ಕೆ ತೆರೆದಿಟ್ಟ ಪ್ರತಿಗೆ) ಬೇಕಾದಷ್ಟು ಮಾತ್ರ. ಉಳಿದದ್ದನ್ನು ಕೇಳಿದಾಗ ಕೊಡ್ತೀನಿ ಅಂತ ಸರ್ವರ್ ಮಾತು ಕೊಟ್ಟಿರುತ್ತದೆ, ಅದಕ್ಕೇ ಅದನ್ನು ಪ್ರಾಮಿಸರ್ ರಿಮೋಟ್ ಅನ್ನೋದು. ಗಿಟ್‌ನ 2018ರ 2.17 ಆವೃತ್ತಿಯಿಂದ ಪಾರ್ಶಿಯಲ್ ಕ್ಲೋನ್ ಇದೆ.

ಮೊದಲ ತಿಂಗಳು ಹಬ್ಬ. ಆಮೇಲೆ ಒಂದು ಬೆಳಿಗ್ಗೆ ರೈಲು ಪಾಂಡವಪುರ ದಾಟುವಾಗ ಜೊತೆಯ ಹುಡುಗ ಫೋನ್ ಮಾಡಿ "ಅಣ್ಣಾ, ಈ ಲೈನ್ ಯಾರು ಬರೆದಿದ್ದು ನೋಡಿ" ಅಂದ. ಬ್ಲೇಮ್ ಕೊಟ್ಟೆ. ನಿಂತೇಬಿಟ್ಟಿತು. ಬ್ಲೇಮ್ ಆ ಫೈಲಿನ ಹಳೇ ರೂಪಗಳನ್ನು ಒಂದೊಂದಾಗಿ ಹಿಂದಕ್ಕೆ ತೆರೆದು ನೋಡುತ್ತಾ ಹೋಗುತ್ತದೆ, ಮುಂದೆ ಯಾವುದು ಬೇಕಾಗುತ್ತೆ ಅಂತ ಅದಕ್ಕೇ ಗೊತ್ತಿರೋದಿಲ್ಲ, ಹಾಗಾಗಿ ಇಲ್ಲದ ಪ್ರತಿಯೊಂದಕ್ಕೂ ಸರ್ವರ್‌ಗೆ ಬೇರೆ ಬೇರೆ ಓಟ. ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಅಂಗಡಿಗೆ ಓಡಿ, ಬಂದು, ಕರಿಬೇವಿಗೆ ಮತ್ತೆ ಓಡಿದ ಹಾಗೆ. ಶ್ರೀರಂಗಪಟ್ಟಣ ಬರುವ ಹೊತ್ತಿಗೆ ನೆಟ್ ಹೋಯಿತು, ಪ್ರಾಮಿಸರ್‌ನಿಂದ ತರಲು ಆಗಲಿಲ್ಲ ಅಂತ ಹೇಳಿ ಕಮಾಂಡೂ ಸತ್ತಿತು.

ಬ್ರಾಂಚ್ (ಕೋಡಿನ ಕವಲು) ಬದಲಿಸುವಾಗ ಈ ಕಾಟ ಇಲ್ಲ. ಚೆಕ್‌ಔಟ್ ಮೊದಲೇ ಪಟ್ಟಿ ಮಾಡಿ ಇಲ್ಲದ್ದನ್ನೆಲ್ಲ ಒಂದೇ ಸಲಕ್ಕೆ ತರಿಸುತ್ತದೆ. ಒಂದು ಫೈಲಿನ ಬರೀ ಲಾಗ್ (ಬದಲಾವಣೆಗಳ ಪಟ್ಟಿ) ನೆಟ್ ಇಲ್ಲದೆಯೂ ಬರುತ್ತದೆ, ಯಾಕಂದರೆ ಅದಕ್ಕೆ ಟ್ರೀ ಸಾಕು. ಜೊತೆಗೆ ಪ್ಯಾಚ್, ಅಂದರೆ ಯಾವ ಸಾಲು ಹೇಗೆ ಬದಲಾಯಿತು ಅನ್ನೋದನ್ನೂ ಕೇಳಿದಿರೋ, ಮತ್ತೆ ಓಟ ಶುರು. ಟ್ರೀಯನ್ನೂ ಬಿಟ್ಟುಬಿಡುವ 'ಟ್ರೀ:0' ಫಿಲ್ಟರ್ ಇನ್ನೂ ಚಿಕ್ಕದು ಅಂತ ಆಸೆಪಡಬೇಡಿ, ಅದರಲ್ಲಿ ಈ ಬರೀ ಲಾಗ್ ಕೂಡ ಕುಂಟುತ್ತದೆ. ಬಿಲ್ಡ್ ಮಾಡಿ ಬಿಸಾಡುವ ಮೆಷಿನ್‌ಗೆ ಅದು ಸರಿ, ದಿನದ ಕೆಲಸಕ್ಕಲ್ಲ.

2025ರ ಮಾರ್ಚ್‌ನಲ್ಲಿ ಬಂದ 2.49ರಲ್ಲಿ 'ಗಿಟ್ ಬ್ಯಾಕ್‌ಫಿಲ್' ಸಿಕ್ಕಿತು, ನನಗೆ ಜೀವ ಬಂತು. ಇಲ್ಲದ ಹಳೇ ಬ್ಲಾಬ್‌ಗಳನ್ನು ಕಂತು ಕಂತಾಗಿ ತರುತ್ತದೆ, ತಾನಾಗಿ ಬಿಟ್ಟರೆ ಕಂತಿಗೆ ಕನಿಷ್ಠ 50,000. ಬೇಕಾದ ಫೋಲ್ಡರ್ ಮಾತ್ರ ತೆರೆಯುವ ಸ್ಪಾರ್ಸ್ ಚೆಕ್‌ಔಟ್ ಹಾಕಿಕೊಂಡಿದ್ದರೆ ನಿಮ್ಮ ಫೋಲ್ಡರ್‌ಗಳದ್ದು ಮಾತ್ರ ಬರುತ್ತದೆ, ಆ ದರಿದ್ರ ವಿಡಿಯೊ ಬರೋದಿಲ್ಲ. ಈಗ ಸಂಜೆ ಹೊರಡುವ ಮುಂಚೆ ಆಫೀಸಿನ ವೈಫೈನಲ್ಲಿ ಓಡಿಸಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ನೆಟ್ ಮುಟ್ಟದೆ ಏನೇನು ನಡೆಯುತ್ತೆ ಅಂತ ಪರೀಕ್ಷಿಸಲು 2.45ರಿಂದ 'ನೋ-ಲೇಜಿ-ಫೆಚ್' ಅನ್ನೋ ಆಯ್ಕೆಯೂ ಇದೆ.

ನನ್ನ ದೂರು ಎರಡು. ಎಷ್ಟು ಡೇಟಾ ಎಳೆಯಲಿದೆ ಅಂತ ಕಮಾಂಡ್ ಮೊದಲೇ ಹೇಳೋದಿಲ್ಲ, ಮೊಬೈಲ್ ಡೇಟಾ ಪ್ಯಾಕ್ ಮುಗಿದಾಗಲೇ ಗೊತ್ತಾಗೋದು. ಇನ್ನೊಂದು, ಸರ್ವರ್‌ನಲ್ಲಿ ಫಿಲ್ಟರ್‌ಗೆ ಅನುಮತಿ ಇಲ್ಲದಿದ್ದರೆ ಗಿಟ್ ಒಂದೇ ಒಂದು ಎಚ್ಚರಿಕೆ ಸಾಲು ಹಾಕಿ ಸುಮ್ನೆ ಪೂರ್ತಿ ಕ್ಲೋನ್ ಶುರು ಮಾಡುತ್ತದೆ. ಕಾಫಿಗೆ ಏಳುವ ಮುಂಚೆ ಆ ಸಾಲು ಬಂತಾ ನೋಡಿಕೊಳ್ಳಿ.