ಹಳೆಯ ಅಡುಗೆಮನೆಗೆ ಜಿಎಫ್‌ಸಿಐ ಸಾಕೆಟ್: ಹಾಕಿಸಿ ಬಳಸಿದ ಮೇಲಿನ ವಿಮರ್ಶೆ

ಅರ್ಥ್ ತಂತಿಯನ್ನೇ ಎಳೆಯದೆ ವೈರಿಂಗ್ ಮಾಡಿದ ಹಳೆಯ ಮನೆಯಲ್ಲಿ, ಗೋಡೆ ಒಡೆಯದೆ, ಸಿಂಕ್‌ನ ಅಕ್ಕಪಕ್ಕದ ಪ್ಲಗ್ ಪಾಯಿಂಟ್‌ಗಳಿಂದ ಶಾಕ್ ಹೊಡೆಯುವ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುವ ಸಾಧನವೆಂದರೆ ಜಿಎಫ್‌ಸಿಐ (ಗ್ರೌಂಡ್ ಫಾಲ್ಟ್ ಸರ್ಕ್ಯೂಟ್ ಇಂಟರಪ್ಟರ್) ಸಾಕೆಟ್, ಅಂದರೆ ವಿದ್ಯುತ್ ಭೂಮಿಗೆ ಸೋರಿದೊಡನೆ ಸಂಪರ್ಕ ಕಡಿಯುವ ಸಾಕೆಟ್. ನಮ್ಮ ಅಡುಗೆಕಟ್ಟೆಯ ಮೇಲಿದ್ದ ಎರಡು ಪಿನ್ನಿನ ಹಳೆಯ ಸಾಕೆಟ್‌ಗಳನ್ನು ತೆಗೆಸಿ ಇವುಗಳನ್ನು ಹಾಕಿಸಿದ್ದೇವೆ. ಮಿಕ್ಸರ್, ಕೆಟಲ್, ಟೋಸ್ಟರ್ ಎಲ್ಲವೂ ಈಗ ಇವುಗಳ ಮೇಲೆಯೇ ನಡೆಯುತ್ತಿವೆ. ಸಾಧನದ ಬಗ್ಗೆ ನನಗೆ ದೂರುಗಳು ಕಡಿಮೆ. ಆದರೆ ಅದರಿಂದ ಸಿಗುವ ರಕ್ಷಣೆಯ ಅರ್ಧ ಭಾಗ ಗೋಡೆಯೊಳಗಿನ ಡಬ್ಬಿಯ ಸ್ಥಿತಿಯನ್ನೂ ತಂತಿ ಜೋಡಿಸುವವರ ಕೈಯನ್ನೂ ಅವಲಂಬಿಸಿದೆ ಎಂಬುದನ್ನು ಪೊಟ್ಟಣದ ಮೇಲೆ ಯಾರೂ ಬರೆದಿರುವುದಿಲ್ಲ.

ಇದು ಕೆಲಸ ಮಾಡುವ ರೀತಿ ಸರಳವಾದದ್ದು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಳಗಿನ ಒಂದು ಸಣ್ಣ ಉಂಗುರದ ಮೂಲಕ ಹಾದುಹೋಗುತ್ತವೆ. ಫೇಸ್‌ನಲ್ಲಿ ಹೋದಷ್ಟೇ ವಿದ್ಯುತ್ ನ್ಯೂಟ್ರಲ್‌ನಲ್ಲಿ ಮರಳಿ ಬಂದರೆ ಹೋದ ಲೆಕ್ಕ, ಬಂದ ಲೆಕ್ಕ ತಾಳೆಯಾದಂತೆ. ಒದ್ದೆ ಕೈಯಿಂದ ಮುಟ್ಟಿದವರ ಮೈಯ ಮೂಲಕವೋ ನಲ್ಲಿಯ ಕೊಳವೆಯ ಮೂಲಕವೋ ಸ್ವಲ್ಪ ವಿದ್ಯುತ್ ಬೇರೆ ದಾರಿ ಹಿಡಿದು ಭೂಮಿಗೆ ಸೋರಿತೆಂದರೆ ಲೆಕ್ಕ ತಪ್ಪುತ್ತದೆ, ಸಾಕೆಟ್ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿಯೇ ವಿದ್ಯುತ್ ಕಡಿಯುತ್ತದೆ. ಈ ವ್ಯತ್ಯಾಸ 4ರಿಂದ 6 ಮಿಲಿ ಆಂಪಿಯರ್‌ನಷ್ಟಾದರೆ ಸಾಕು. 15 ಅಥವಾ 20 ಆಂಪಿಯರ್‌ನ ಫ್ಯೂಸ್ ಇಷ್ಟು ಸಣ್ಣ ಸೋರಿಕೆಯನ್ನು ಗಮನಿಸುವುದೇ ಇಲ್ಲ, ಏಕೆಂದರೆ ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ, ಮನುಷ್ಯರ ರಕ್ಷಣೆಗಲ್ಲ. 1961ರಲ್ಲಿ ಈ ಸಾಧನವನ್ನು ರೂಪಿಸಿದ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಅದಕ್ಕೂ ಮೊದಲು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು, ವಿದ್ಯುತ್ ಹರಿಯುವಾಗ ಹಿಡಿದ ವಸ್ತುವನ್ನು ಮನುಷ್ಯ ಎಷ್ಟರವರೆಗೆ ತಾನಾಗಿಯೇ ಬಿಡಬಲ್ಲ ಎಂಬುದನ್ನು. ಆ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್ ಆಸುಪಾಸು, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ ಎಂದು ಅವರು ಕಂಡುಕೊಂಡರು. ಅಮೆರಿಕದ ಹೊರಗೆ ಹಲವು ದೇಶಗಳಲ್ಲಿ ಇದೇ ತತ್ವದ, ಆರ್‌ಸಿಸಿಬಿ ಎಂಬ ಬ್ರೇಕರನ್ನು ಮುಖ್ಯ ಬೋರ್ಡ್‌ನಲ್ಲಿ ಹಾಕುತ್ತಾರೆ. ಅದರ ಸಾಮಾನ್ಯ ಮಿತಿ 30 ಮಿಲಿ ಆಂಪಿಯರ್.

ಹಳೆಯ ಅಡುಗೆಮನೆಗಳಲ್ಲಿ ಇದು ಕಾಣಸಿಗದಿರುವುದಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಬಚ್ಚಲುಮನೆಗೆ ಇದನ್ನು 1975ರಲ್ಲೇ ಕಡ್ಡಾಯಗೊಳಿಸಿದ್ದರೂ, ಅಡುಗೆಮನೆಯ ಸಿಂಕ್‌ನಿಂದ ಆರು ಅಡಿಯೊಳಗಿನ ಕಟ್ಟೆಯ ಸಾಕೆಟ್‌ಗಳಿಗೆ ಅನ್ವಯಿಸಿದ್ದು 1987ರಲ್ಲಿ, ಕಟ್ಟೆಯ ಮೇಲಿನ ಎಲ್ಲ ಸಾಕೆಟ್‌ಗಳಿಗೂ ವಿಸ್ತರಿಸಿದ್ದು 1996ರಲ್ಲಿ.

ಈಗ ಅರ್ಥ್ ವಿಷಯ. ಈ ಸಾಕೆಟ್ ಕೆಲಸ ಮಾಡಲು ಅರ್ಥ್ ತಂತಿ ಬೇಕಿಲ್ಲ. ಅದು ಅಳೆಯುವುದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವ್ಯತ್ಯಾಸವನ್ನು ಮಾತ್ರ; ಆದ್ದರಿಂದಲೇ ಎರಡು ತಂತಿಯ ಹಳೆಯ ವೈರಿಂಗ್‌ನಲ್ಲಿ ಇದನ್ನು ಹಾಕಲು ಸಂಹಿತೆ ಒಪ್ಪುತ್ತದೆ, ಸಾಕೆಟ್‌ನಲ್ಲಿ ಅರ್ಥ್ ಇಲ್ಲವೆಂಬ ಚೀಟಿಯನ್ನು ಅದರ ಮೇಲೆ ಅಂಟಿಸಬೇಕೆಂಬ ಷರತ್ತಿನೊಂದಿಗೆ. ಮೂರನೆಯ ರಂಧ್ರ ಬಂದಿತೆಂದ ಮಾತ್ರಕ್ಕೆ ಅರ್ಥ್ ಬಂದಂತಾಗಲಿಲ್ಲ. ವೋಲ್ಟೇಜ್ ದಿಢೀರನೆ ಏರಿದಾಗ ಕಾಪಾಡಲೆಂದು ಕಂಪ್ಯೂಟರಿನಂಥ ಉಪಕರಣಗಳಿಗೆ ಹಾಕುವ ಸರ್ಜ್ ಪ್ರೊಟೆಕ್ಟರ್ ಇಲ್ಲಿ ಪೂರ್ತಿ ಪ್ರಯೋಜನ ಕೊಡಲಾರದು. ಇನ್ನೊಂದು ಸಂಗತಿ ಹಲವರನ್ನು ಗಾಬರಿಗೊಳಿಸುತ್ತದೆ: ಅಂಗಡಿಯಲ್ಲಿ ಸಿಗುವ, ಮೂರು ದೀಪಗಳ ಪ್ಲಗ್ ಟೆಸ್ಟರ್ ಅನ್ನು ಚುಚ್ಚಿ ಅದರ ಗುಂಡಿ ಒತ್ತಿದರೆ ಅರ್ಥ್ ಇಲ್ಲದ ಜಿಎಫ್‌ಸಿಐ ಟ್ರಿಪ್ ಆಗುವುದಿಲ್ಲ. ಸಾಕೆಟ್ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಆ ಟೆಸ್ಟರ್ ಸೋರಿಕೆಯನ್ನು ಅರ್ಥ್ ಪಿನ್ನಿಗೆ ಕಳುಹಿಸಿ ಪರೀಕ್ಷಿಸುವುದರಿಂದ, ಅರ್ಥ್ ಇಲ್ಲದ ಕಡೆ ಅದಕ್ಕೆ ದಾರಿಯೇ ಇರುವುದಿಲ್ಲ. ಸಾಕೆಟ್‌ನದೇ ಟೆಸ್ಟ್ ಗುಂಡಿಯಾದರೋ ಒಂದು ರೆಸಿಸ್ಟರ್ ಮೂಲಕ ಉಂಗುರದ ಹೊರಗಿನಿಂದ ಕೃತಕ ಸೋರಿಕೆಯನ್ನು ಉಂಟುಮಾಡುತ್ತದೆ. ಅದನ್ನು ಒತ್ತಿದಾಗ ಟಕ್ ಎಂಬ ಸದ್ದಿನೊಂದಿಗೆ ಸಾಕೆಟ್ ಸತ್ತರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಟೆಸ್ಟರ್‌ನ ದೀಪಗಳು ಸರಿ ತೋರಿಸಲೆಂದು ಅರ್ಥ್ ಸ್ಕ್ರೂವನ್ನು ನ್ಯೂಟ್ರಲ್‌ಗೆ ತುಂಡು ತಂತಿಯಿಂದ ಜೋಡಿಸಿಕೊಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅಂಥವರನ್ನು ಅಲ್ಲಿಯೇ ತಡೆಯಬೇಕು. ಮುಂದೆಂದೋ ನ್ಯೂಟ್ರಲ್ ಕಡಿದರೆ, ಪ್ಲಗ್ ಹಾಕಿದ ಉಪಕರಣದ ಲೋಹದ ಮೈಯೆಲ್ಲ ಫೇಸ್ ಆಗಿಬಿಡುತ್ತದೆ.

ಜೋಡಿಸುವಾಗ ನಿಜವಾಗಿ ತೊಂದರೆ ಕೊಟ್ಟದ್ದು ಜಾಗ. ಸಾಮಾನ್ಯ ಸಾಕೆಟ್‌ಗಿಂತ ಜಿಎಫ್‌ಸಿಐ ದಪ್ಪ. ಹಳೆಯ ಲೋಹದ ಡಬ್ಬಿಗಳು ಆಳವಿಲ್ಲದವು. ನಮ್ಮಲ್ಲಿ ಒಂದು ಡಬ್ಬಿಯಿಂದ ಬಟ್ಟೆ ಸುತ್ತಿದ ತಂತಿಯನ್ನು ಹೊರಗೆಳೆದಾಗ ಒಳಗಿನ ರಬ್ಬರ್ ಪುಡಿಪುಡಿಯಾಗಿ ಉದುರಿ ತಾಮ್ರ ಬೆತ್ತಲಾಯಿತು. ಅಂಥ ತಂತಿಯನ್ನು ದಪ್ಪ ಸಾಕೆಟ್‌ನ ಹಿಂದೆ ಮಡಚಿ ತುರುಕುವುದು ಅಪಾಯ. ನಮ್ಮ ಎಲೆಕ್ಟ್ರಿಷಿಯನ್ ಡಬ್ಬಿಯನ್ನೇ ಆಳವಾದದ್ದಕ್ಕೆ ಬದಲಿಸಿ, ಹಾಳಾದ ಭಾಗಕ್ಕೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ ಮುಂದುವರಿದರು; ಇದಕ್ಕಾಗಿ ಅವರಿಗೆ ಪೂರ್ಣ ಅಂಕ. 1965ರಿಂದ 1973ರ ನಡುವೆ ಅಮೆರಿಕದಲ್ಲಿ ಕಟ್ಟಿದ ಕೆಲವು ಮನೆಗಳಲ್ಲಿರುವ ಅಲ್ಯೂಮಿನಿಯಂ ತಂತಿಯನ್ನಂತೂ ಈ ಸಾಕೆಟ್‌ಗೆ ನೇರವಾಗಿ ಜೋಡಿಸಲೇಬಾರದು. ಅದಕ್ಕೆಂದೇ ಮಾಡಿದ ಕನೆಕ್ಟರ್ ಬಳಸಿ ತಾಮ್ರದ ತುಂಡು ತಂತಿಯನ್ನು ಸೇರಿಸಿಕೊಳ್ಳಬೇಕು.

ಹಿಂಬದಿಯಲ್ಲಿ ‘ಲೈನ್’, ‘ಲೋಡ್’ ಎಂಬ ಎರಡು ಜೊತೆ ಸ್ಕ್ರೂಗಳಿವೆ. ಮುಖ್ಯ ಬೋರ್ಡ್‌ನಿಂದ ಬರುವ ತಂತಿ ಲೈನ್‌ಗೆ. ಮುಂದಿನ ಸಾಕೆಟ್‌ಗಳಿಗೆ ಹೋಗುವುದು ಹಳದಿ ಪಟ್ಟಿ ಅಂಟಿಸಿರುವ ಲೋಡ್‌ಗೆ. ಹೀಗೆ ಮಾಡಿದರೆ ಸಾಲಿನ ಮೊದಲ ಸ್ಥಾನದಲ್ಲಿರುವ ಒಂದೇ ಜಿಎಫ್‌ಸಿಐ ಅದರಾಚೆಯ ಸಾಮಾನ್ಯ ಸಾಕೆಟ್‌ಗಳನ್ನೂ ಕಾಯುತ್ತದೆ, ಖರ್ಚು ಉಳಿಯುತ್ತದೆ. ಆದರೆ ಹಳೆಯ ಮನೆಗಳಲ್ಲಿ ಎರಡು ಸರ್ಕ್ಯೂಟ್‌ಗಳು ಒಂದೇ ನ್ಯೂಟ್ರಲ್ ಹಂಚಿಕೊಂಡಿರುವುದುಂಟು. ಅಂಥ ನ್ಯೂಟ್ರಲ್ ಅನ್ನು ಲೋಡ್‌ಗೆ ಸೇರಿಸಿದರೆ ಮರಳಿ ಬರುವ ಲೆಕ್ಕ ಹೊಂದದೆ, ಇನ್ನೊಂದು ಸರ್ಕ್ಯೂಟ್‌ನಲ್ಲಿ ಏನನ್ನು ಚಾಲೂ ಮಾಡಿದರೂ ಟ್ರಿಪ್ ಆಗುತ್ತದೆ. ಇದನ್ನು ಸಾಕೆಟ್‌ನ ದೋಷವೆಂದು ತಿಳಿದು ವಾಪಸು ಕೊಟ್ಟವರು ಕಡಿಮೆಯಿರಲಾರರು. ತಂತಿಯನ್ನು ಲೋಹದ ತಟ್ಟೆಯ ಕೆಳಗೆ ತೂರಿಸಿ ಸ್ಕ್ರೂ ಬಿಗಿಯುವ ವ್ಯವಸ್ಥೆ ಮಾತ್ರ ನನಗೆ ಬಹಳ ಇಷ್ಟವಾಯಿತು. ತಂತಿಗೆ ಕೊಕ್ಕೆ ಮಾಡಿ ಸುತ್ತುವ ಹಳೆಯ ಪದ್ಧತಿಗಿಂತ ಇದು ಗಟ್ಟಿ.

ದೂರುಗಳೂ ಇವೆ. ‘ಟೆಸ್ಟ್’, ‘ರೀಸೆಟ್’ ಎಂಬ ಅಕ್ಷರಗಳು ಬಿಳಿಯ ಮೇಲೆ ಬಿಳಿಯಾಗಿ ಉಬ್ಬಿರುವುದರಿಂದ ಸಂಜೆಯ ಬೆಳಕಿನಲ್ಲಿ ಓದಲಾಗುವುದಿಲ್ಲ. ಸಣ್ಣ ದೀಪ ಹಸಿರಾಗಿದ್ದರೆ ಏನು, ಕೆಂಪಾಗಿದ್ದರೆ ಏನು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಕೈಪಿಡಿಯನ್ನು ಎಸೆದರೆ ಕೆಟ್ಟಿರಿ. ಒಂದರ ಆಸರೆಯಲ್ಲಿರುವ ಇನ್ನೊಂದು ಸಾಕೆಟ್ ಸತ್ತಾಗ ಗುಂಡಿ ಎಲ್ಲಿದೆಯೆಂದು ಮನೆಯವರೆಲ್ಲ ಹುಡುಕುವುದೂ ನಡೆಯುತ್ತದೆ. ಕೊಳ್ಳುವವರು ಹಳೆಯ ದಾಸ್ತಾನನ್ನು ಬಿಟ್ಟು ಸ್ವಯಂ ಪರೀಕ್ಷೆಯುಳ್ಳದ್ದನ್ನೇ ಕೇಳಿ ಪಡೆಯಬೇಕು. 2015ರ ನಡುವಿನಿಂದ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್‌ನ ಮಾನದಂಡ ಅದನ್ನು ಕಡ್ಡಾಯಗೊಳಿಸಿದೆ. ಅದಕ್ಕೂ ಹಿಂದಿನವುಗಳಲ್ಲಿ ರಕ್ಷಣೆಯ ಭಾಗ ಕೆಟ್ಟರೂ ವಿದ್ಯುತ್ ಬರುತ್ತಲೇ ಇರುವ ಸಾಧ್ಯತೆಯಿತ್ತು. ಹೊಸದಾದರೂ ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು.

ಇದರಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಭೂಮಿಗೆ ಸಂಪರ್ಕವಿಲ್ಲದೆ ನಿಂತವರನ್ನು ಇದು ಕಾಪಾಡಲಾರದು, ಏಕೆಂದರೆ ಅಲ್ಲಿ ಲೆಕ್ಕ ತಾಳೆಯಾಗಿಯೇ ಇರುತ್ತದೆ. ಕೆಟಲ್ ಮತ್ತು ಟೋಸ್ಟರ್ ಒಟ್ಟಿಗೆ ಹಾಕಿದಾಗಿನ ಓವರ್‌ಲೋಡ್ ತಡೆಯುವ ಹೊಣೆ ಫ್ಯೂಸ್ ಅಥವಾ ಬ್ರೇಕರ್‌ನದು. ಸಡಿಲ ಜೋಡಣೆಯ ಕಿಡಿಯಿಂದ ಹತ್ತುವ ಬೆಂಕಿಯನ್ನು ತಡೆಯಲು ಇರುವುದು ಎಎಫ್‌ಸಿಐ ಎಂಬ ಬೇರೆಯೇ ಸಾಧನ.

ಡಬ್ಬಿ ತೀರಾ ಕಿರಿದಾಗಿದ್ದು ಬದಲಿಸಲೂ ಬಾರದಿದ್ದರೆ, ಬೋರ್ಡ್‌ನಲ್ಲೇ ಜಿಎಫ್‌ಸಿಐ ಬ್ರೇಕರ್ ಹಾಕಿಸಬಹುದು. ತಿರುಗಿಸಿ ಕೂರಿಸುವ ಫ್ಯೂಸ್‌ಗಳ ಹಳೆಯ ಬೋರ್ಡ್‌ನಲ್ಲಿ ಅದು ಕೂರುವುದಿಲ್ಲ. ಫ್ರಿಜ್ ಅನ್ನು ಇದರ ಮೇಲೆ ಹಾಕಬೇಕೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ಮನೆಯಲ್ಲಿ ಯಾರೂ ಇಲ್ಲದಾಗ ಟ್ರಿಪ್ ಆದರೆ ಒಳಗಿನದೆಲ್ಲ ಕೆಡುತ್ತದೆ ಎಂದು ಹಿಂದೆ ಅದನ್ನು ಹೊರಗಿಡುತ್ತಿದ್ದರು. ಸಂಹಿತೆಯ 2023ರ ಆವೃತ್ತಿ ಅಡುಗೆಮನೆಯ ಸಾಕೆಟ್‌ಗಳನ್ನೆಲ್ಲ ಇದರ ವ್ಯಾಪ್ತಿಗೆ ತಂದಿದೆ. ಯಾವ ಆವೃತ್ತಿ ಎಲ್ಲಿ ಜಾರಿಯಲ್ಲಿದೆ ಎಂಬುದು ಊರಿಂದೂರಿಗೆ ಬೇರೆಯಾಗುವುದರಿಂದ, ಫ್ರಿಜ್‌ನ ಸಾಕೆಟ್ ಬಿಚ್ಚುವ ಮೊದಲು ಅದನ್ನು ಎಲೆಕ್ಟ್ರಿಷಿಯನ್ ಬಳಿ ಕೇಳಿಕೊಳ್ಳುವುದು ಲೇಸು.